ಆಂಟಿ ತಂದ ಹಳದಿ ಬೇರು, ಅಮ್ಮ ತಂದ ಹಳದಿ ಕಡ್ಡಿ

ಪಕ್ಕದ ಮನೆಯ ಆಂಟಿ ಆ ಪೊಟ್ಟಣ ತಂದುಕೊಟ್ಟ ದಿನ ನನ್ನ ಮಗನಿಗೆ 16 ದಿನ ತುಂಬಿತ್ತು.

ಬಿಳಿ ಕಾಗದದಲ್ಲಿ ಚೌಕವಾಗಿ ಮಡಿಸಿದ ಪೊಟ್ಟಣ. ನಮ್ಮೂರ ಗ್ರಂಥಿಗೆ ಅಂಗಡಿಯಲ್ಲಿ ಕಟ್ಟಿಕೊಡುತ್ತಾರಲ್ಲ, ಥೇಟ್ ಹಾಗೆಯೇ. ಬಿಚ್ಚಿದರೆ ತೆಳ್ಳಗೆ ಹೆಚ್ಚಿ ಒಣಗಿಸಿದ ಬೇರಿನ ಚೂರುಗಳು. ಹೊರಗೆ ಕಂದು, ಒಳಗೆ ಅರಿಶಿನದಂಥ ಹಳದಿ. "ಬೇಬಿ ತುಂಬಾ ಹೀಟಿ" ಎಂದರು ಆಂಟಿ. "ಇದನ್ನ ಕುದಿಸಿ ಒಂದೆರಡು ಚಮಚ ನೀರು ಕುಡಿಸು. ಕಹಿ ಇರುತ್ತೆ. ಆದರೆ ಮೈಯ ಹಳದಿ ಎಲ್ಲ ಇಳಿದುಹೋಗುತ್ತೆ."

ಸಿಂಗಪುರದಲ್ಲಿ ಇರುವವರಿಗೆ ಈ 'ಹೀಟಿ' ಎನ್ನುವ ಮಾತು ಗೊತ್ತು. ಮಾವಿನಹಣ್ಣು ಹೀಟಿ, ಎಣ್ಣೆಯಲ್ಲಿ ಕರಿದದ್ದು ಹೀಟಿ, ಬಾರ್ಲಿ ನೀರು ಕೂಲಿಂಗ್. ನಮ್ಮ ಅಮ್ಮನಿಗೆ ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಲೇ ಇಲ್ಲ. "ಉಷ್ಣ ಅಂತಿದ್ದಾರೆ ಅಲ್ವಾ? ನಾನೂ ಅದನ್ನೇ ಹೇಳ್ತಿದ್ದೆ" ಎಂದರು. ಒಬ್ಬರಿಗೆ ಕನ್ನಡ ಬಿಟ್ಟು ಬೇರೆ ಬಾರದು. ಇನ್ನೊಬ್ಬರಿಗೆ ಹೊಕ್ಕಿಯೆನ್ ಎಂಬ ಚೀನೀ ನುಡಿ ಮತ್ತು ಒಂದಿಷ್ಟು ಇಂಗ್ಲಿಷ್. ಆದರೂ ಇಬ್ಬರೂ ಮಗುವಿನ ಹೊಟ್ಟೆ ಒತ್ತಿ ನೋಡಿ ಒಂದೇ ತೀರ್ಮಾನಕ್ಕೆ ಬಂದಿದ್ದರು.

ನಾನು ಆ ಬೇರನ್ನು ಕುದಿಸಲಿಲ್ಲ. ಯಾಕೆ ಎಂದು ಹೇಳಲು ಎರಡು ವಾರ ಹಿಂದಕ್ಕೆ ಹೋಗಬೇಕು.

ಇಲ್ಲಿ ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ತೆಗೆದು, ಕೆಂಪು ರಕ್ತಕಣಗಳು ಒಡೆಯದಂತೆ ಕಾಪಾಡುವ ಜಿ6ಪಿಡಿ ಎಂಬ ಕಿಣ್ವ ಸಾಕಷ್ಟಿದೆಯಾ ಎಂದು ನೋಡುತ್ತಾರೆ. 1965ರಿಂದ ಇದು ನಡೆಯುತ್ತಿದೆ. ಅದಕ್ಕೂ ಮುಂಚೆ ಸಿಂಗಪುರದಲ್ಲಿ ಎಷ್ಟೋ ಹಸುಗೂಸುಗಳು ಕಾಮಾಲೆ ಏರಿ, ಅದು ಮೆದುಳಿಗೆ ಹೊಕ್ಕು ಸಾಯುತ್ತಿದ್ದವು. ಉಳಿದ ಮಕ್ಕಳಿಗೆ ಕಿವಿ ಕೇಳಿಸದೆ, ಕೈಕಾಲು ಹಿಡಿತಕ್ಕೆ ಬರದೆ ಹೋಗುತ್ತಿತ್ತು. ಮಕ್ಕಳ ಡಾಕ್ಟರ್ ವಾಂಗ್ ಹಾಕ್ ಬೂನ್ ಇದರ ಹಿಂದೆ ಬಿದ್ದರು. ಆ ಮಕ್ಕಳಲ್ಲಿ ಅನೇಕರಿಗೆ ಈ ಕಿಣ್ವದ ಕೊರತೆ ಇದೆ, ಅದರ ಜೊತೆಗೆ ಬಟ್ಟೆಗಳ ನಡುವೆ ಇಡುವ ನುಸಿ ಗುಳಿಗೆ, ಮನೆಯಲ್ಲಿ ಕುಡಿಸುವ ಕೆಲವು ಚೀನೀ ಮದ್ದುಗಳೂ ಸೇರಿಕೊಳ್ಳುತ್ತಿವೆ ಎಂದು ಕಂಡುಕೊಂಡರು. ಎಲ್ಲ ಮಕ್ಕಳಿಗೂ ಪರೀಕ್ಷೆ ಶುರುವಾದ ಮೇಲೆ ಅಂಥ ಸಾವುಗಳು ಹೆಚ್ಚುಕಡಿಮೆ ನಿಂತೇ ಹೋದವು. ಇದನ್ನು ಓದಿದ ದಿನ ನಾನು ನೋಡಿಯೇ ಇರದ ಆ ಡಾಕ್ಟರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಯಾಕೆಂದರೆ ನನ್ನ ಮಗನಿಗೂ ಆ ಕೊರತೆ ಇತ್ತು.

ಎರಡನೇ ದಿನ ನರ್ಸ್ ಒಂದು ಚಿಕ್ಕ ಕಾರ್ಡ್ ತಂದುಕೊಟ್ಟರು. ಒಂದು ಕಡೆ ಮಗುವಿನ ವಿವರ. ಇನ್ನೊಂದು ಕಡೆ ದೂರ ಇಡಬೇಕಾದವುಗಳ ಪಟ್ಟಿ. ಕೆಲವು ಸಲ್ಫಾ ಔಷಧಿಗಳು, ಮಲೇರಿಯಾದ ಕೆಲವು ಮಾತ್ರೆಗಳು, ನ್ಯಾಫ್ತಲಿನ್ ಎಂಬ ನುಸಿ ಗುಳಿಗೆ, ಫಾವಾ ಎಂಬ ಅವರೆ ಜಾತಿಯ ಕಾಳು. ಅದರ ಕೆಳಗೆ ಚೀನೀ ಹೆಸರುಗಳ ಸಾಲು. ಹುವಾಂಗ್ ಲಿಯೆನ್. ಲಾ ಮೇ ಹುವಾ. ನಿಯು ಹುವಾಂಗ್. ಜಿನ್ ಯಿನ್ ಹುವಾ. ಚೆನ್ ಚು, ಅಂದರೆ ಮುತ್ತಿನ ಪುಡಿ.

"ಇದು ತಾಯಿಯ ಕಡೆಯಿಂದ ಬರುವುದು, ಗಂಡುಮಕ್ಕಳಲ್ಲಿ ಜಾಸ್ತಿ ಕಾಣಿಸುತ್ತದೆ" ಎಂದು ಡಾಕ್ಟರ್ ವಿವರಿಸಿದರು. ನಮ್ಮ ಮನೆಯಲ್ಲಿ ಯಾರಿಗೂ ಇಂಥದ್ದು ಇಲ್ಲ ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದರು. ಆಮೇಲೆ ರಾತ್ರಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದಾಗ ಸುಮ್ನೆ ನೆನಪಾದಂತೆ ಒಂದು ಮಾತು ಹೇಳಿದರು. ಸಾಗರದ ಹತ್ತಿರದ ನಮ್ಮ ಅಜ್ಜನ ಮನೆಯಲ್ಲಿ, ಮಾವ ಹುಡುಗನಾಗಿದ್ದಾಗ ಮಲೇರಿಯಾ ಬಂದಿತ್ತಂತೆ. ಸರ್ಕಾರದವರು ಮನೆಗೆ ಬಂದು ಮಾತ್ರೆ ಕೊಟ್ಟರಂತೆ. ಮಾತ್ರೆ ತಿಂದ ಎರಡು ದಿನಕ್ಕೆ ಮಾವನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಹುಡುಗ ಎದ್ದು ನಿಲ್ಲಲಾರದೆ ಹೋದನಂತೆ. ಯಾರದೋ ಕಣ್ಣು ಬಿತ್ತು ಎಂದು ಎಲ್ಲರೂ ಅಂದುಕೊಂಡರು. ಮರುದಿನ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಅಮ್ಮನನ್ನೇ ನೋಡಿದರು. ಮಾತ್ರೆಯ ಹೆಸರು ನಮಗೆ ಗೊತ್ತಿಲ್ಲ. ಪ್ರೈಮಾಕ್ವಿನ್ ಇದ್ದರೂ ಇರಬಹುದು, ಈ ಕೊರತೆ ಇರುವವರಿಗೆ ಅದು ಹೀಗೇ ಮಾಡುತ್ತದೆ ಎಂದರು.

ಹಾಗಾಗಿ ಆಂಟಿ ಪೊಟ್ಟಣ ಕೊಟ್ಟಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಇದರ ಹೆಸರೇನು?

"ಹುವಾಂಗ್ ಲಿಯೆನ್."

ಕಾರ್ಡಿನಲ್ಲಿ ಆ ಸಾಲಿನ ಮೊದಲ ಹೆಸರು ಅದೇ.

ಆ ಬೇರು ಸಣ್ಣ ಗಿಡವಲ್ಲ, ದೊಡ್ಡ ಹೆಸರಿನದು. ಚೀನೀ ವೈದ್ಯದಲ್ಲಿ ಸಾವಿರಾರು ವರ್ಷಗಳಿಂದ ಬಳಕೆಯಲ್ಲಿದೆ. ಭೇದಿಗೆ, ಜ್ವರಕ್ಕೆ, ಹುಣ್ಣಿಗೆ ಕೊಡುತ್ತಾರೆ. ಹುಟ್ಟಿದ ಮಗುವಿಗೆ ತಾಯಿಯ ಹೊಟ್ಟೆಯಿಂದ ಬಂದ ಉಷ್ಣ ಇಳಿಯಲಿ ಎಂದು ಇದರ ನೀರು ಕುಡಿಸುವ ಪದ್ಧತಿ ಇತ್ತು. ಅದರ ಹಳದಿ ಬಣ್ಣಕ್ಕೂ ಕಹಿಗೂ ಕಾರಣ ಬರ್ಬರೀನ್ ಎಂಬ ವಸ್ತು. ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಎಂಬ ಹಳದಿ ಕಸ ಹುಟ್ಟುತ್ತದೆ. ಅದು ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಲಿವರಿಗೆ ಹೋಗಿ ಹೊರಗೆ ಬೀಳಬೇಕು. ಬಸ್ಸಿನಲ್ಲಿ ಸೀಟು ಹಿಡಿದು ಕೂತು ಪ್ರಯಾಣ ಮಾಡುವ ಹಾಗೆ. ಬರ್ಬರೀನ್ ಬಂದು ಆ ಸೀಟಿನಿಂದ ಬಿಲಿರುಬಿನ್ನನ್ನು ಎಬ್ಬಿಸಿಬಿಡುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಸೀಟು ಬಿಟ್ಟ ಬಿಲಿರುಬಿನ್ ಎಲ್ಲಿಗೆ ಬೇಕಾದರೂ ನುಗ್ಗಬಹುದು. ದೊಡ್ಡವರಲ್ಲಿ ಲಿವರ್ ಗಟ್ಟಿ, ಸಂಭಾಳಿಸಿಕೊಳ್ಳುತ್ತದೆ. ಹದಿನಾರು ದಿನದ ಮಗುವಿನ ಲಿವರ್ ಇನ್ನೂ ಕೆಲಸ ಕಲಿಯುತ್ತಿರುತ್ತದೆ. ಮೆದುಳಿನ ಸುತ್ತಲಿನ ಕಾವಲೂ ಅಷ್ಟು ಬಲವಾಗಿರುವುದಿಲ್ಲ. ಅಂದರೆ ಹಳದಿ ಇಳಿಸಲಿ ಎಂದು ಕೊಡುವ ಮದ್ದೇ ಹಳದಿಯನ್ನು ಮೆದುಳಿನ ಕಡೆ ತಳ್ಳಬಹುದು.

ಈ ಭಯದಿಂದಲೇ 1978ರಲ್ಲಿ ಸಿಂಗಪುರ ಬರ್ಬರೀನ್ ಇರುವ ಮದ್ದುಗಳನ್ನು ನಿಷೇಧಿಸಿತು. ಮೂರು ದಶಕಕ್ಕೂ ಜಾಸ್ತಿ ಕಾಲ ನಿಷೇಧ ಇತ್ತು. 2013ರಿಂದ ಹಂತಹಂತವಾಗಿ ತೆಗೆದರು. ಯಾಕೆಂದರೆ ಈಗ ಎಲ್ಲ ಮಕ್ಕಳಿಗೂ ಪರೀಕ್ಷೆ ಆಗುತ್ತದೆ, ಕಾಮಾಲೆಗೆ ಚಿಕಿತ್ಸೆ ಚೆನ್ನಾಗಿದೆ, ದೊಡ್ಡವರಿಗೆ ಅದರಿಂದ ಉಪಯೋಗವೂ ಇದೆ. ಆದರೆ ಹಸುಗೂಸುಗಳಿಗೆ, ಈ ಕೊರತೆ ಇರುವವರಿಗೆ ಬೇಡ ಎಂಬ ಎಚ್ಚರಿಕೆ ಉಳಿದಿದೆ. ಆಂಟಿ ಈ ಊರಿನಲ್ಲೇ ಹುಟ್ಟಿ ಬೆಳೆದವರು. ನಿಷೇಧ ಇದ್ದದ್ದು ಅವರಿಗೆ ಗೊತ್ತಿತ್ತು, ತೆಗೆದದ್ದೂ ಗೊತ್ತಿತ್ತು. "ಈಗ ಸರ್ಕಾರವೇ ಓಕೆ ಅಂದಿದೆಯಲ್ಲ" ಎಂದರು. ನಾನು ಕಾರ್ಡ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಚೀನೀ ಅಕ್ಷರ ಓದಿದರು. ಮುಖ ಬಿಳಿಚಿಕೊಂಡಿತು. ಪೊಟ್ಟಣ ವಾಪಸು ತೆಗೆದುಕೊಂಡು, ಮಗುವಿನ ಪಾದ ಮುಟ್ಟಿ ಏನೋ ಹೇಳಿ ಹೋದರು.

ಅವರು ಹೋದ ಮೇಲೆ ನಾನು ನಿರಾಳವಾಗಿ ಮಲಗಿದೆ. ಅಪಾಯ ಬಾಗಿಲಿಗೆ ಬಂದು ತಿರುಗಿ ಹೋಯಿತು ಎಂದುಕೊಂಡೆ.

ನಾಲ್ಕು ದಿನದ ನಂತರ ತಪಾಸಣೆಗೆ ಹೋದಾಗ ಮಗುವಿನ ಕಣ್ಣು ಮತ್ತೆ ಹಳದಿ. ರಕ್ತ ನೋಡಿದರು, ಬಿಲಿರುಬಿನ್ ಇಳಿಯುವ ಬದಲು ಏರಿತ್ತು. ಹಿಮೋಗ್ಲೋಬಿನ್ ಇಳಿದಿತ್ತು. "ಮನೆಮದ್ದು ಏನಾದರೂ ಕೊಟ್ಟಿದ್ದೀರಾ?" ಎಂದು ಡಾಕ್ಟರ್ ಕೇಳಿದರು. ನಾನು ತಕ್ಷಣ ಇಲ್ಲ ಎಂದೆ. ಚೀನೀ ಮದ್ದು ಯಾವುದೂ ಕೊಟ್ಟಿಲ್ಲ, ಪಕ್ಕದ ಮನೆಯವರು ತಂದಿದ್ದರು, ವಾಪಸು ಕಳಿಸಿದೆ ಎಂದೆ. ಅಮ್ಮ ನನ್ನ ತೋಳು ಜಗ್ಗಿ ಏನು ಕೇಳ್ತಿದ್ದಾರೆ ಎಂದರು. ಮದ್ದು ಕೊಟ್ಟಿದ್ದೀವಾ ಅಂತ, ಎಂದೆ.

"ಮದ್ದು ಎಲ್ಲಿ ಕೊಟ್ಟಿದ್ದೀವಿ?"

ಅಲ್ಲಿ ಒಬ್ಬ ಮಲಯಾಳಿ ನರ್ಸ್ ಇದ್ದರು. ಅವರು ಅಮ್ಮನ ಕಡೆ ತಿರುಗಿ ಮೆಲ್ಲಗೆ ಒಂದೇ ಪದ ಕೇಳಿದರು. "ವಯಂಬು?" ಜೊತೆಗೆ ಕಲ್ಲಿನ ಮೇಲೆ ತೇಯುವ ಹಾಗೆ ಕೈ ಸುತ್ತಿಸಿ ತೋರಿಸಿದರು.

ಅಮ್ಮನ ಮುಖ ಅರಳಿತು. "ಹ್ಞಾಂ, ಬಜೆ! ತೇಯ್ದು ನೆಕ್ಕಿಸ್ತೀನಿ, ದಿನಾ ಸಂಜೆ. ಅದು ಮದ್ದಲ್ವಲ್ಲ."

ಅಮ್ಮ ಸುಳ್ಳು ಹೇಳಿರಲಿಲ್ಲ. ಮದ್ದು ಅಂದರೆ ಅವರಿಗೆ ಖಾಯಿಲೆ ಬಂದಾಗ ಕೊಡುವುದು. ತೇಯ್ದು ನೆಕ್ಕಿಸುವುದು ಎಣ್ಣೆ ಹಚ್ಚಿ ನೀರು ಹಾಕಿದ ಹಾಗೆ, ಮಗು ಸಾಕುವ ಕೆಲಸದ ಒಂದು ಭಾಗ. ಊರಿನಿಂದ ಬರುವಾಗ ಅವರು ತಂದ ಬಟ್ಟೆಯ ಚೀಲ ಅಡುಗೆಮನೆಯ ಮೇಲಿನ ಕಪಾಟಿನಲ್ಲಿತ್ತು. ಆ ಸಂಜೆ ನನ್ನ ಗಂಡ ಅದನ್ನು ಆಸ್ಪತ್ರೆಗೆ ತಂದರು. ಹಾಸಿಗೆಯ ಮೇಲೆ ಟವೆಲ್ ಹಾಸಿ ಒಂದೊಂದಾಗಿ ಇಟ್ಟೆವು. ಬಜೆ. ಅಳಲೆಕಾಯಿ. ಮಾಚಿಕಾಯಿ. ಜಾಯಿಕಾಯಿ. ಒಣಶುಂಠಿ. ಪುಟ್ಟ ಡಬ್ಬಿಯಲ್ಲಿ ಗೋರೋಚನ, ಅದು ಅಜ್ಜಿಯ ಕಾಲದ್ದು, ಇನ್ನೂ ಬಿಚ್ಚಿರಲಿಲ್ಲ. ಕೊನೆಗೆ ಒಂದು ಹಳದಿ ಕಡ್ಡಿ, ಬೆರಳಿನ ಗಾತ್ರ, ಒಂದು ತುದಿ ತೇಯ್ದು ಸವೆದಿತ್ತು.

"ಇದು ಯಾವುದಮ್ಮ?"

"ಮರದರಿಶಿನ. ಮಗು ಹಳದಿ ಇದೆಯಲ್ಲ ಅಂತ ಮೂರು ದಿನದಿಂದ ಒಂದೊಂದು ಸುತ್ತು ಹಾಕ್ತಿದ್ದೆ."

ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಬಳ್ಳಿ ಅದು. ನಮ್ಮ ಮಲೆನಾಡಿನಲ್ಲಿ ಹಳಬರ ಮನೆಗಳಲ್ಲಿ ಒಂದು ತುಂಡು ಇದ್ದೇ ಇರುತ್ತದೆ. ಆ ರಾತ್ರಿ ಮಗು ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿತ್ತು. ನಾನು ಫೋನಿನಲ್ಲಿ ಆ ಬಳ್ಳಿಯ ಸಸ್ಯಶಾಸ್ತ್ರದ ಹೆಸರು ಹುಡುಕಿದೆ. ಕೋಸಿನಿಯಂ ಫೆನೆಸ್ಟ್ರೇಟಂ. ಅದರ ಹಳದಿಗೆ ಕಾರಣವಾದ ವಸ್ತುವಿನ ಹೆಸರು ನೋಡಿದೆ. ಬರ್ಬರೀನ್.

ಆಂಟಿಯ ಬೇರು, ಅಮ್ಮನ ಕಡ್ಡಿ. ಎರಡರ ನಡುವೆ ಒಂದು ಸಮುದ್ರ ಇದೆ, ಎರಡು ವೈದ್ಯ ಪದ್ಧತಿ ಇವೆ. ಒಳಗಿದ್ದದ್ದು ಒಂದೇ ಹಳದಿ. ಆಮೇಲೆ ಇನ್ನೊಂದು ಗೊತ್ತಾಯಿತು. ಕಾರ್ಡಿನಲ್ಲಿದ್ದ ನಿಯು ಹುವಾಂಗ್ ಅಂದರೆ ದನದ ಪಿತ್ತಕೋಶದ ಕಲ್ಲು. ಅಂದರೆ ನಮ್ಮ ಗೋರೋಚನವೇ. ಕಾರ್ಡಿನಲ್ಲಿ ಚೀನೀ ಹೆಸರಿದೆ ಎಂದು ಅದು ಚೀನೀಯರ ವಿಷಯ ಎಂದುಕೊಂಡಿದ್ದೆ. ಡಾಕ್ಟರ್ ಕೇಳಿದ್ದು ಮನೆಮದ್ದು ಎಂದು. ನನ್ನ ಕಿವಿಗೆ ಬಿದ್ದದ್ದು ಚೀನೀ ಮದ್ದು ಎಂದು.

ಮರದರಿಶಿನದಿಂದಲೇ ಹೀಗಾಯಿತು ಎಂದು ಡಾಕ್ಟರ್ ಹೇಳಲಿಲ್ಲ. ಮೂರು ಸುತ್ತು ತೇಯ್ದದ್ದು ಎಷ್ಟು ಒಳಗೆ ಹೋಗಿರುತ್ತದೆ ಎಂದು ಅಳೆಯಲಾಗದು ಎಂದರು. ಬೇರೆ ಕಾರಣವೂ ಇರಬಹುದಿತ್ತು. ಅಮ್ಮ ತಂದ ಹಳೆಯ ಹತ್ತಿ ಸೀರೆಗಳನ್ನು ಮಗುವಿಗೆ ಹಾಸುತ್ತಿದ್ದೆವು. ಅವು ವರ್ಷಗಟ್ಟಲೆ ನುಸಿ ಗುಳಿಗೆ ಹಾಕಿದ ಟ್ರಂಕಿನಲ್ಲಿದ್ದವು. ಒಗೆದಿದ್ದೆವು, ಆದರೂ ಹತ್ತಿರ ಹಿಡಿದರೆ ವಾಸನೆ ಬರುತ್ತಿತ್ತು. ನಾನು ಕಾರ್ಡಿನಲ್ಲಿ ಆ ಹೆಸರನ್ನೂ ಓದಿದ್ದೆ. ಸೀರೆಗೂ ಅದಕ್ಕೂ ಸಂಬಂಧ ಇದೆ ಎಂದು ಹೊಳೆದಿರಲಿಲ್ಲ. ನಾಮಕರಣಕ್ಕೆ ಪಾದಕ್ಕೆ ಮದರಂಗಿ ಹಚ್ಚಬೇಕು ಎಂದು ಅಮ್ಮ ಆಸೆಪಟ್ಟಿದ್ದರು. ಈ ಕೊರತೆ ಇರುವ ಮಕ್ಕಳಿಗೆ ಮದರಂಗಿಯೂ ರಕ್ತ ಒಡೆಯುವಂತೆ ಮಾಡಬಹುದು ಎಂದು ಅಲ್ಲೇ ತಿಳಿಯಿತು.

ಎರಡು ರಾತ್ರಿ ದೀಪದ ಕೆಳಗಿದ್ದು ಮಗು ಸುಧಾರಿಸಿಕೊಂಡ. ರಕ್ತ ಕೊಡಬೇಕಾಗಿ ಬರಲಿಲ್ಲ.

ಅಮ್ಮ ಮನೆಗೆ ಬಂದ ಮೇಲೆ ಎರಡು ದಿನ ಮಗುವನ್ನು ಎತ್ತಿಕೊಳ್ಳಲಿಲ್ಲ. ಬ್ಲಾಕಿನ ಕೆಳಗಿನ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದರು. ಒಂದು ಸಂಜೆ ನೋಡಿದರೆ ಪಕ್ಕದಲ್ಲಿ ಆಂಟಿ ಕೂತಿದ್ದಾರೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಆಂಟಿ ಅಮ್ಮನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಷ್ಟೇ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಇಲ್ಲೇ ಸಿಂಗಪುರದಲ್ಲಿರುವ ಮೈಸೂರಿನ ಗೆಳತಿಯೊಬ್ಬಳು ಮೊನ್ನೆ ಮೆಸೇಜ್ ಮಾಡಿದ್ದಳು. ಅವಳ ಮಗಳಿಗೆ ಐದು ತಿಂಗಳು. "ಇಲ್ಲಿ ಎಲ್ಲರೂ ಮಕ್ಕಳಿಗೆ ಆ ಪುಟ್ಟ ಬಾಟಲಿಯ ಪುಡಿ ಕೊಡ್ತಾರೆ. ರಾತ್ರಿ ಬೆಚ್ಚಿ ಅಳೋದು ನಿಲ್ಲುತ್ತಂತೆ. ಕೊಡಬಹುದಾ?" ಅವಳು ಕೇಳಿದ್ದು ಪೋ ಯಿಂಗ್ ತಾನ್ ಎಂಬ ಪುಡಿಯ ಬಗ್ಗೆ. ಮಗು ಕಾಪಾಡುವ ಮದ್ದು ಎಂದು ಆ ಹೆಸರಿನ ಅರ್ಥ. ಬೆಚ್ಚುವುದಕ್ಕೆ, ಕಫಕ್ಕೆ, ಹೊಟ್ಟೆನೋವಿಗೆ, ಎಲ್ಲಕ್ಕೂ ಕೊಡುತ್ತಾರೆ. ಬೇರೆ ಬೇರೆ ಕಂಪನಿಯವರು ಬೇರೆ ಬೇರೆ ಪಾಕದಲ್ಲಿ ಮಾಡುತ್ತಾರೆ. ಹಳೆಯ ಪಾಕಗಳಲ್ಲಿ ಚು ಶಾ ಹಾಕುತ್ತಿದ್ದರು. ಅದು ಪಾದರಸದ ಕೆಂಪು ಅದಿರು, ನಮ್ಮ ಆಯುರ್ವೇದದವರು ಹಿಂಗುಲ ಎನ್ನುವುದು. 2014ರಲ್ಲಿ ಅಮೆರಿಕದ ಔಷಧ ಇಲಾಖೆ ಇಂಥದೇ ಒಂದು ಮಕ್ಕಳ ಪುಡಿಯ ಬಗ್ಗೆ ಜನರನ್ನು ಎಚ್ಚರಿಸಿತು. ಅದನ್ನು ತಿಂದ 18 ತಿಂಗಳ ಮಗುವಿನ ರಕ್ತದಲ್ಲಿ ಸೀಸ ಏರಿತ್ತು. ಸೀಸ ಮಕ್ಕಳ ಮೆದುಳಿಗೆ ಸದ್ದಿಲ್ಲದೆ ಕೆಡುಕು ಮಾಡುತ್ತದೆ. ಮಗು ಅಳುವುದನ್ನು ನಿಲ್ಲಿಸಿತು, ಮದ್ದು ನಾಟಿತು ಎಂದು ನಾವು ಸಂತೋಷಪಡುತ್ತಿರುತ್ತೇವೆ.

ಸಿಂಗಪುರದಲ್ಲಿ 1999ರಿಂದ ಚೀನೀ ಸಿದ್ಧೌಷಧಿಗಳನ್ನು ಮಾರುವ ಮುಂಚೆ ಸರ್ಕಾರದ ಪಟ್ಟಿಗೆ ಸೇರಿಸಬೇಕು. ಸೀಸ, ಪಾದರಸ, ಆರ್ಸೆನಿಕ್ ಎಷ್ಟಿರಬಹುದು ಎಂಬ ಮಿತಿ ಇದೆ. ಇದು ದೊಡ್ಡ ರಕ್ಷಣೆ. ಆದರೆ ಹಾಂಗ್‌ಕಾಂಗಿನಿಂದ ಅತ್ತೆ ಸೂಟ್‌ಕೇಸಿನಲ್ಲಿ ತಂದ ಬಾಟಲಿಗೆ ಆ ರಕ್ಷಣೆ ಇಲ್ಲ. ಫೋನಿನಲ್ಲಿ ಆರ್ಡರ್ ಮಾಡಿದ್ದಕ್ಕೂ ಇಲ್ಲ. ಮಕ್ಕಳ ಇಸುಬಿಗೆ ಪೂರ್ತಿ ಗಿಡಮೂಲಿಕೆ ಎಂದು ಮಾರುತ್ತಿದ್ದ ಮುಲಾಮುಗಳಲ್ಲಿ ಬಲವಾದ ಸ್ಟೆರಾಯ್ಡ್ ಸಿಕ್ಕಿದ್ದೂ ಇದೆ. ಅದಕ್ಕೇ ಅಷ್ಟು ಬೇಗ ವಾಸಿಯಾಗುತ್ತಿತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುವುದು ಹೆಸರಿನ ವಿಷಯ. 1993ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೂರು ಪುಟ್ಟ ಮಕ್ಕಳು ಮನೆಯಲ್ಲಿದ್ದ ಚಿನ್ ಪು ಹುವಾನ್ ಎಂಬ ಮಾತ್ರೆ ನುಂಗಿದವು. ಬಂಗಾರ ಕೊಟ್ಟರೂ ಇದನ್ನು ಬಿಟ್ಟುಕೊಡೆ ಎಂಬಂಥ ಹೆಸರು. ದೊಡ್ಡವರು ನೋವಿಗೆ, ನಿದ್ದೆಗೆ ಇಟ್ಟುಕೊಂಡಿದ್ದ ಮಾತ್ರೆ. ಮಕ್ಕಳ ಉಸಿರು ನಿಧಾನವಾಯಿತು, ಎದೆಬಡಿತ ಇಳಿಯಿತು, ಪ್ರಾಣಕ್ಕೇ ಬಂತು. ಪುಣ್ಯಕ್ಕೆ ಮೂವರೂ ಉಳಿದರು. ಪೆಟ್ಟಿಗೆಯ ಮೇಲೆ ಒಂದು ಗಿಡದ ಹೆಸರು ಬರೆದಿತ್ತು. ಪರೀಕ್ಷೆ ಮಾಡಿದರೆ ಒಳಗಿದ್ದ ವಸ್ತು ಆ ಗಿಡದ್ದೇ ಅಲ್ಲ, ಬೇರೊಂದು ಜಾತಿಯ ಗಿಡಗಳಲ್ಲಿ ಸಿಗುವ ಬಲವಾದ ಮಂಪರಿನ ವಸ್ತು. ಚಿಕಿತ್ಸೆ ಮಾಡುವ ಡಾಕ್ಟರ್ ಪೆಟ್ಟಿಗೆ ಓದಿ ಏನು ತಿಳಿದುಕೊಳ್ಳಬೇಕು?

ಇನ್ನೊಂದು ನಮ್ಮ ಅಡುಗೆಮನೆಗೇ ಸೇರಿದ್ದು. ಬಿರಿಯಾನಿಗೆ ಹಾಕುವ ಚಕ್ರಮೊಗ್ಗು, ಕೆಲವರು ಅನಾನಸ್ ಹೂ ಎನ್ನುತ್ತಾರೆ. ಅದು ಚೀನಾದ ಮರ. ಅದರ ಕಷಾಯವನ್ನು ಹೊಟ್ಟೆ ಉಬ್ಬರಕ್ಕೆ ಎಳೆಮಕ್ಕಳಿಗೆ ಕುಡಿಸುವ ರೂಢಿ ಹಲವು ದೇಶಗಳಲ್ಲಿದೆ. ಅದರ ತಮ್ಮನಂಥ ಜಪಾನಿನ ಮರವೊಂದಿದೆ, ಅದರ ಕಾಯಿ ವಿಷ. ಒಣಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. 2003ರ ಸೆಪ್ಟೆಂಬರಿನಲ್ಲಿ ಅಮೆರಿಕದವರು ಈ ಚಹಾದ ಬಗ್ಗೆ ಎಚ್ಚರಿಕೆ ಕೊಟ್ಟಾಗ ಸುಮಾರು 40 ಜನರಿಗೆ ತೊಂದರೆಯಾಗಿತ್ತು. ಅವರಲ್ಲಿ ಸುಮಾರು 15 ಹಸುಗೂಸುಗಳು. ವಾಂತಿ, ನಡುಕ, ಫಿಟ್ಸ್. ಅಂಗಡಿಯಲ್ಲಿ ಸರಿಯಾದ ಹೆಸರನ್ನೇ ಹೇಳಿ ಕೇಳಿದರೂ ಕೈಗೆ ಬರುವುದು ಅದೇ ಎಂಬ ಖಾತ್ರಿ ಇಲ್ಲ.

ಹಾಗಂತ ಚೀನೀ ವೈದ್ಯವೇ ಸುಳ್ಳು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಇವತ್ತು ಮಲೇರಿಯಾಕ್ಕೆ ಕೊಡುವ ಆರ್ಟಿಮಿಸಿನಿನ್ ಚೀನೀ ಮೂಲಿಕೆಯಿಂದಲೇ ಬಂದದ್ದು. ಅದನ್ನು ಕಂಡುಹಿಡಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಹಳೆಯ ಗ್ರಂಥದಲ್ಲಿ ಆ ಗಿಡವನ್ನು ಬಿಸಿ ಮಾಡದೆ ತಣ್ಣೀರಿನಲ್ಲಿ ನೆನೆಸಿ ಹಿಂಡುವ ಮಾತು ಓದಿ ಅವರಿಗೆ ದಾರಿ ಹೊಳೆಯಿತು. ಎಷ್ಟು ಸೂಕ್ಷ್ಮ ನೋಡಿ. ಕುದಿಸಿದರೆ ಒಂದು, ಕುದಿಸದಿದ್ದರೆ ಇನ್ನೊಂದು. ವತ್ಸನಾಭಿಯ ಜಾತಿಯ ಬೇರನ್ನು ಅವರು ಗಂಟೆಗಟ್ಟಲೆ ಕುದಿಸಿ ವಿಷ ಇಳಿಸಿಯೇ ಬಳಸುತ್ತಾರೆ. ಬೇರಿಗೆ ಅಷ್ಟು ಶಕ್ತಿ ಇದೆ ಎಂದು ಗೊತ್ತಿದ್ದವರು ಅದರ ಸುತ್ತ ಅಷ್ಟು ಕಟ್ಟುಪಾಡು ಮಾಡಿದರು. ಗಿಡ ತಾನೇ, ಏನಾಗುತ್ತೆ ಎಂಬ ಮಾತು ಅಂಥ ವೈದ್ಯರ ಬಾಯಲ್ಲಿ ನಾನು ಕೇಳಿಲ್ಲ. ಅದು ನಮ್ಮಂಥವರ ಬಾಯಲ್ಲೇ ಜಾಸ್ತಿ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಮಗನಿಗೆ ಎರಡು ತಿಂಗಳಾದಾಗ ಆಂಟಿಯೇ ನಮ್ಮನ್ನು ಒಬ್ಬ ಚೀನೀ ವೈದ್ಯೆಯ ಹತ್ತಿರ ಕರೆದುಕೊಂಡು ಹೋದರು. ಸಂಜೆಯಾದರೆ ಹೊಟ್ಟೆನೋವಿಗೆ ಮಗ ಕಿರುಚುತ್ತಿದ್ದ. ಇಲ್ಲಿ 2000ದಲ್ಲಿ ಕಾನೂನು ಬಂದು ಚೀನೀ ವೈದ್ಯರೂ ನೋಂದಣಿ ಮಾಡಿಸಬೇಕು. ಗೋಡೆಯ ಮೇಲೆ ಅವರ ಪ್ರಮಾಣಪತ್ರ ಇತ್ತು. ಹೊರಗಿನ ಕೋಣೆಯಲ್ಲಿ ಗೋಡೆ ತುಂಬ ಮರದ ಸಣ್ಣ ಸಣ್ಣ ಖಾನೆಗಳು, ಕಡ್ಡಿ ತಕ್ಕಡಿ, ಒಣಬೇರಿನ ವಾಸನೆ. ಅಮ್ಮ ಮೂಗು ಅರಳಿಸಿ "ನಮ್ಮ ಸಾಗರದ ಅಂಗಡಿ ವಾಸನೆಯೇ" ಎಂದರು. ವೈದ್ಯೆ ಮೊದಲು ಕೇಳಿದ್ದೇ ಕಾರ್ಡ್ ಇದೆಯಾ ಎಂದು. ನೋಡಿದರು. ಕಾರ್ಡ್ ಇರಲಿ ಇಲ್ಲದಿರಲಿ, ಇಷ್ಟು ಚಿಕ್ಕ ಮಗುವಿಗೆ ನಾನು ಬಾಯಿಗೆ ಏನೂ ಕೊಡುವುದಿಲ್ಲ ಎಂದರು. ಅದರ ಬದಲು ಹೊಟ್ಟೆಯ ಮೇಲೆ, ಅಂಗೈಯಲ್ಲಿ, ಬೆನ್ನಿನ ಉದ್ದಕ್ಕೂ ಬೆರಳಿನಿಂದ ಒತ್ತುವುದನ್ನು ತೋರಿಸಿದರು. ತುಯಿ ನಾ ಎನ್ನುತ್ತಾರೆ. ಅಮ್ಮ ನೋಡುತ್ತಾ ನಿಂತಿದ್ದವರು ಮುಂದೆ ಬಂದು ತಮ್ಮ ಕೈ ಇಟ್ಟರು. ಹೊಟ್ಟೆಯನ್ನು ಗಡಿಯಾರದ ದಿಕ್ಕಿನಲ್ಲಿ ಸವರುವುದು ಅವರಿಗೆ ಗೊತ್ತಿದ್ದದ್ದೇ. ವೈದ್ಯೆ ತಲೆಯಾಡಿಸಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಎಷ್ಟೋ ದಿನದ ಮೇಲೆ ಅಮ್ಮ ಅವತ್ತು ನಿಶ್ಚಿಂತೆಯಿಂದ ಮಗುವನ್ನು ಮುಟ್ಟಿದರು.

ಗೆಳತಿಗೆ ನಾನು ಬರೆದದ್ದು ಇಷ್ಟು. ಐದು ತಿಂಗಳಿಗೆ ಆ ಪುಡಿ ಬೇಡ. ಯಾರಾದರೂ ಈಗಾಗಲೇ ಕೊಟ್ಟಿದ್ದರೆ ಬೈಯಬೇಡ, ಬಾಟಲಿ ಎಸೆಯಬೇಡ. ಅದನ್ನು ಹಾಗೇ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗು. ಬೈದರೆ ಮುಂದಿನ ಸಲ ನಿನಗೆ ಹೇಳದೆ ಕೊಡುತ್ತಾರೆ. ನಿಮ್ಮತ್ತೆ ಊರಿನಿಂದ ತಂದ ಚೀಲವನ್ನೂ ಬಿಚ್ಚಿ ನೋಡು. ಮಗುವಿಗೆ ಮದ್ದು ಕೊಟ್ಟಿರಾ ಎಂದು ಕೇಳಬೇಡ, ಇವತ್ತು ಅದರ ಬಾಯಿಗೆ ಏನೇನು ಹೋಯಿತು ಎಂದು ಕೇಳು. ಜೇನು ಕೂಡ ಒಂದು ವರ್ಷದವರೆಗೆ ಬೇಡ. ನಿನ್ನ ಮಗಳಿಗೆ ಜಿ6ಪಿಡಿ ಪರೀಕ್ಷೆ ಇಲ್ಲೇ ಆಗಿರುತ್ತದೆ, ಆದರೆ ಊರಿನಲ್ಲಿ ಹುಟ್ಟಿದ ನಿನ್ನ ಅಕ್ಕನ ಮಗನಿಗೆ ಆಗಿದೆಯೋ ಇಲ್ಲವೋ ಕೇಳು. ನಮ್ಮ ಕಡೆ ಎಲ್ಲ ಆಸ್ಪತ್ರೆಗಳಲ್ಲಿ ಅದನ್ನು ಮಾಡುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ಹನಿ ರಕ್ತದಲ್ಲಿ ತಿಳಿಯುವಂಥದ್ದು.

ಅವಳು ಅದೇ ರಾತ್ರಿ ಒಂದು ಫೋಟೊ ಕಳಿಸಿದಳು. ನ್ಯೂಸ್‌ಪೇಪರಿನ ಮೇಲೆ ಹರಡಿದ ಏಳೆಂಟು ಬೇರುಕಾಯಿಗಳು. ಅರ್ಧದಷ್ಟರ ಹೆಸರು ಅವಳ ಅತ್ತೆಗೂ ಗೊತ್ತಿರಲಿಲ್ಲವಂತೆ.

ನನ್ನ ಮಗನಿಗೆ ಈಗ ಆರು ವರ್ಷ. ಶೀತ ಬಂದರೆ ಅಮ್ಮ ಊರಿನಿಂದ ವಿಡಿಯೊ ಕಾಲ್ ಮಾಡಿ, ಸಿರಪ್ಪಿನ ಬಾಟಲಿ ತಿರುಗಿಸಿ ತೋರಿಸು ಎನ್ನುತ್ತಾರೆ. ಇಂಗ್ಲಿಷ್ ಓದಲು ಬಾರದಿದ್ದರೂ ನನ್ನಿಂದ ಒಂದೊಂದು ಹೆಸರನ್ನೂ ಓದಿಸಿ ಕೇಳುತ್ತಾರೆ. ಮರದರಿಶಿನದ ಆ ಕಡ್ಡಿ ಈಗಲೂ ಅವರ ಮನೆಯಲ್ಲಿದೆ. ಅಪ್ಪನ ಕಾಲಿನ ಹುಣ್ಣಿಗೆ ತೇಯ್ದು ಹಚ್ಚುತ್ತಾರೆ.

ಹೋದ ಚೀನೀ ಹೊಸವರ್ಷಕ್ಕೆ ಆಂಟಿ ಬಾಗಿಲು ತಟ್ಟಿದರು. ಕೈಯಲ್ಲಿ ಎರಡು ಫ್ಲಾಸ್ಕ್. ದೊಡ್ಡದರಲ್ಲಿ ನಮಗೆಲ್ಲ ಕೂಲಿಂಗ್ ಟೀ, ಅದರಲ್ಲಿ ಜಿನ್ ಯಿನ್ ಹುವಾ ಇತ್ತು. ಚಿಕ್ಕದನ್ನು ಬೇರೆಯಾಗಿ ಮಗನ ಕೈಗೇ ಕೊಟ್ಟರು. ಅದರ ಮೇಲೆ ಟೇಪ್ ಅಂಟಿಸಿ ಅವನ ಹೆಸರು ಬರೆದಿದ್ದರು. ಕೆಳಗೆ ಚೀನೀ ಅಕ್ಷರದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಸಾಲು.

ಬಾರ್ಲಿ, ಸಕ್ಕರೆ, ನೀರು.